ಅಪ್‌ಡೇಟ್: ಆಡಳಿತಾಧಿಕಾರಿಗಳ ತರಬೇತಿ, ಉಪನ್ಯಾಸದಿಂದ ಕಡತಕ್ಕೆ

ಹಿಂದೆ ನಾವು ಕೇಳಿದ್ದು ಇಷ್ಟು: ವಿಶ್ವವಿದ್ಯಾಲಯದ ವಿಭಾಗ ಮುಖ್ಯಸ್ಥರಿಗೆ, ಕುಲಸಚಿವರ ಕಚೇರಿಯವರಿಗೆ ಎರಡು ದಿನ ತರಬೇತಿ ಕೊಟ್ಟರೂ ಕೆಲಸದ ರೀತಿ ಬದಲಾಗುತ್ತಿಲ್ಲ, ಏನು ಮಾಡುವುದು? ಉಪನ್ಯಾಸ ಕಡಿಮೆ ಮಾಡಿ, ಕಡತಗಳ ಮೇಲೆ ಅಭ್ಯಾಸ ಮಾಡಿಸಿ ಎಂದು ಸಲಹೆ ಬಂದಿತ್ತು. ಹಾಗೇ ಮಾಡಿದೆವು. ಗುಣ ಕಂಡಿದೆ.

ಪ್ರತಿಯೊಬ್ಬರ ಮುಂದೆ 12 ಕಾಗದಗಳ ಕಟ್ಟು, 45 ನಿಮಿಷ. ಶುಲ್ಕ ಮರುಪಾವತಿ, ಅಂಕಪಟ್ಟಿ ತಿದ್ದುಪಡಿ, ಖರೀದಿ ಟಿಪ್ಪಣಿ, ಒಂದು ಕಿರುಕುಳದ ದೂರು ಹೀಗೆ. ಯಾವುದು ಮೊದಲು, ಯಾವುದು ತಮ್ಮ ಅಧಿಕಾರದಲ್ಲಿಲ್ಲ, ಯಾರಿಗೆ ಕಳಿಸಬೇಕು ಎಂದು ಕಾಗದದ ಮೇಲೇ ಬರೆಯಬೇಕು. ಹೆಚ್ಚಿನವರು ಎಡವಿದ್ದು ದೂರಿನಲ್ಲಿ. ಇಂಥ ದೂರು ವಿಚಾರಿಸುವ ಸಮಿತಿಗೆ ಕಳಿಸುವ ಬದಲು ಇಬ್ಬರನ್ನೂ ಕರೆಸಿ ರಾಜಿ ಮಾಡಿಸುತ್ತೇವೆ ಎಂದು ಬರೆದರು. ಅಲ್ಲಿಗೆ ಗೋಪ್ಯತೆ ಹೋಯಿತು, ದೂರುದಾರರ ಮೇಲೆ ಒತ್ತಡವೂ ಬಿತ್ತು. ಇದೇ ನಿಯಮವನ್ನು ಉಪನ್ಯಾಸದಲ್ಲಿ ಕೇಳಿ ತಲೆಯಾಡಿಸಿದವರೇ ಇವರು. ಹಾಗಾಗಿ ಅಭ್ಯಾಸ ಮುಗಿದ ಮೇಲಿನ ಚರ್ಚೆಗೆ ಅದರ ಎರಡರಷ್ಟು ಸಮಯ ಇಡಿ.

ನಿಜವಾದ ಕಡತ ಬಳಸುವುದಾದರೆ ಹೆಸರು, ನೋಂದಣಿ ಸಂಖ್ಯೆ ಅಳಿಸಿ, ದಿನಾಂಕ ಬದಲಿಸಿ. ಮೇಲಧಿಕಾರಿ ಮತ್ತು ಅವರ ಕೈಕೆಳಗಿನವರನ್ನು ಒಂದೇ ಮೇಜಿಗೆ ಕೂರಿಸಬೇಡಿ, ಯಾರೂ ಬಾಯಿ ಬಿಡುವುದಿಲ್ಲ.

ಮೌಲ್ಯಮಾಪನಕ್ಕೆ, ತರಬೇತಿಯ ಪರಿಣಾಮ ಅಳೆಯುವ ಮಾದರಿ ರೂಪಿಸಿದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಅವರ ನಾಲ್ಕು ಹಂತ ಹಿಡಿದೆವು: ಪ್ರತಿಕ್ರಿಯೆ, ಕಲಿಕೆ, ನಡವಳಿಕೆ, ಫಲಿತಾಂಶ. ಕೊನೆಯ ದಿನದ ಫೀಡ್‌ಬ್ಯಾಕ್ ಫಾರ್ಮ್ ಅಳೆಯುವುದು ಮೊದಲನೆಯದನ್ನು ಮಾತ್ರ. ಈಗ ತರಬೇತಿಗೆ ಮೊದಲಿನ 90 ದಿನ, ನಂತರದ 90 ದಿನ ಹೋಲಿಸುತ್ತೇವೆ: ಮರುಪಾವತಿ ಕಡತ ಮುಗಿಯಲು ಹಿಡಿದ ದಿನಗಳು, ದಾಖಲೆ ಸಾಲದೆ ವಾಪಸಾದ ಕಡತಗಳು. ಪರೀಕ್ಷೆ, ಪ್ರವೇಶದ ತಿಂಗಳುಗಳನ್ನು ಬಿಟ್ಟು ಹೋಲಿಸಿ, ಇಲ್ಲದಿದ್ದರೆ ಅಂಕಿ ದಾರಿ ತಪ್ಪಿಸುತ್ತದೆ.

ಒಂದು ತೊಡಕು ಉಳಿದಿದೆ. ಯಾರು ಎಷ್ಟು ಮೊತ್ತದವರೆಗೆ ಮಂಜೂರು ಮಾಡಬಹುದು ಎಂಬ ಲಿಖಿತ ಆದೇಶ ಇಲ್ಲದ ಕಡೆ ಎಲ್ಲ ಕಡತವೂ ಮೇಲಕ್ಕೇ ಹೋಗುತ್ತಿದೆ. ಮುಂದಿನ ತಂಡದ ತರಬೇತಿ ಶುರುವಾಗುವ ಮೊದಲೇ ಆ ಆದೇಶ ಹೊರಡಿಸಲು ಕೇಳಿದ್ದೇವೆ.