ಡೌರೊ ಕಣಿವೆ: ಇಳಿಜಾರಿನಲ್ಲಿ ಬ್ರೇಕ್ ಲಿವರ್ ಹ್ಯಾಂಡಲ್‌ಗೆ ತಾಗುತ್ತದೆ, ಏರಿನಲ್ಲಿ ಗೇರ್ ಸಾಲುವುದಿಲ್ಲ

ಕಡಾಣಿ

ಸೈಕಲ್ ಸವಾರಿಯಲ್ಲಿ ಎದುರಾದ ತೊಂದರೆ ಇದು, ಜಾಗ ಪೋರ್ಚುಗಲ್‌ನ ಡೌರೊ ಕಣಿವೆ. ಎನ್222 ರಸ್ತೆಯಲ್ಲಿ ರೇಗ್ವಾದಿಂದ ಪಿನ್ಯಾಂವ್‌ವರೆಗೆ ಹೊಳೆಯ ಪಕ್ಕದಲ್ಲೇ ದಾರಿ, ಅಲ್ಲಿ ತಕರಾರಿಲ್ಲ. ತೊಂದರೆ ಶುರುವಾಗುವುದು ಅಲ್ಲಿಂದ ಮುಂದೆ, ಎರ್ವೆದೋಸಾ ಮೇಲಿಂದ ಸಾಂವ್ ಜುವಾಂವ್ ದ ಪೆಸ್ಕೇಯ್ರಾಗೆ ಹತ್ತಿ ಅದೇ ದಾರಿಯಲ್ಲಿ ಇಳಿಯುವಾಗ.

ಇಳಿಜಾರಿನ ಕೊನೆಕೊನೆಗೆ ಮುಂದಿನ ಬ್ರೇಕ್ ಲಿವರ್ ಹ್ಯಾಂಡಲ್‌ಗೇ ತಾಗುತ್ತದೆ. ಹತ್ತಿಪ್ಪತ್ತು ನಿಮಿಷ ನಿಂತರೆ ಮತ್ತೆ ಸರಿ. ಹತ್ತುವಾಗಿನ ಕಷ್ಟ ಬೇರೆ: ಕಡಿದಾದ ತಿರುವುಗಳಲ್ಲಿ ಪೆಡಲ್ ನಿಮಿಷಕ್ಕೆ 50 ಸುತ್ತೂ ತಿರುಗುವುದಿಲ್ಲ.

ಬ್ರೇಕ್, ಗೇರ್ ಶಿಮಾನೊ 105, ಆರ್7020 ಹೈಡ್ರಾಲಿಕ್ (ಎಣ್ಣೆಯ ಒತ್ತಡದ) ಲಿವರ್, ಎರಡೂ ಕಡೆ 140 ಮಿ.ಮೀ. ರೋಟರ್ (ಚಕ್ರದ ಜೊತೆ ತಿರುಗುವ ಬ್ರೇಕ್ ತಟ್ಟೆ), ಅದಕ್ಕೆ ಉಜ್ಜುವ ರೆಸಿನ್ ಪ್ಯಾಡ್. ಗೇರ್ ಹಲ್ಲುಗಳು ಮುಂದೆ 50/34, ಹಿಂದೆ 11-28. ಟೈರ್ 25 ಮಿ.ಮೀ., ಒಳಗೆ ಟ್ಯೂಬ್. ಸವಾರ, ಸೈಕಲ್, ನೀರು ಎಲ್ಲ ಸೇರಿ 85 ಕೆ.ಜಿ. 160 ರೋಟರ್ ಹಾಕಿದರೆ ಸಾಕೇ, ಇಲ್ಲ ಬ್ರೇಕನ್ನೇ ಬದಲಿಸಬೇಕೇ?

ಕೀಲೆಣ್ಣೆ

ಏನನ್ನೂ ಕೊಳ್ಳುವ ಮೊದಲು ಪರೀಕ್ಷೆ ಮಾಡಿ ಸರ್. "ಬ್ರೇಕ್ ಹೋಯಿತು" ಎಂಬ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ರೋಗ ಇರಬಹುದು.

ಲಿವರ್ ಗಟ್ಟಿಯಾಗಿಯೇ ಇದ್ದು, ಎಷ್ಟು ಹಿಂಡಿದರೂ ಸೈಕಲ್ ನಿಲ್ಲದಿದ್ದರೆ ಅದು ಪ್ಯಾಡ್ ಸಮಸ್ಯೆ. ಮೇಲ್ಮೈ ಸುಟ್ಟು ಗಾಜಿನಂತೆ ನುಣುಪಾಗಿರುತ್ತದೆ, ಇಲ್ಲವೇ ಎಣ್ಣೆ ತಾಗಿರುತ್ತದೆ. ತಣ್ಣಗಿರುವಾಗಲೇ ಲಿವರ್ ಸ್ಪಂಜಿನ ಹಾಗೆ ಒತ್ತಿಕೊಂಡು, ಮೂರು ನಾಲ್ಕು ಸಲ ಪಂಪ್ ಮಾಡಿದರೆ ಗಟ್ಟಿಯಾದರೆ ಪೈಪಿನಲ್ಲಿ ಗಾಳಿ ಇದೆ. ತಣ್ಣಗಿರುವಾಗ ಗಟ್ಟಿ, ಬಿಸಿಯಾದಾಗ ಹ್ಯಾಂಡಲ್‌ವರೆಗೆ, ಆರಿದ ಮೇಲೆ ಮತ್ತೆ ಗಟ್ಟಿ ಎಂದಾದರೆ ಕ್ಯಾಲಿಪರ್ (ಪ್ಯಾಡ್‌ಗಳನ್ನು ರೋಟರ್‌ಗೆ ಒತ್ತುವ ಭಾಗ) ಒಳಗೆ ಏನೋ ಕುದಿದು ಆವಿಯಾಗುತ್ತಿದೆ. ನೀವು ಬರೆದಿರುವುದು ಈ ಮೂರನೆಯದು.

ಈ ಬ್ರೇಕ್‌ನೊಳಗಿನ ಶಿಮಾನೊ ಮಿನರಲ್ ಆಯಿಲ್ ಅಷ್ಟು ಸುಲಭವಾಗಿ ಕುದಿಯುವುದಿಲ್ಲ. ಆದರೆ ಅದು ನೀರನ್ನು ಹೀರಿಕೊಳ್ಳುವುದೂ ಇಲ್ಲ. ಒಳಗೆ ಸೇರಿದ ನೀರಹನಿ ಎಣ್ಣೆಗಿಂತ ಭಾರವಾದ್ದರಿಂದ ಕೆಳಗಿಳಿದು ಕ್ಯಾಲಿಪರ್‌ನಲ್ಲೇ ಕೂರುತ್ತದೆ, ಅಂದರೆ ಅತಿ ಹೆಚ್ಚು ಬಿಸಿಯಾಗುವ ಜಾಗದಲ್ಲಿ. ಆ ನೀರು ಕುದಿಯಲು 100 ಡಿಗ್ರಿ ಸಾಕು. ಡಾಟ್ 5.1 ಎಂಬ ಬೇರೆ ಬ್ರೇಕ್ ದ್ರವ ತುಂಬುವ ಬ್ರೇಕ್‌ಗಳಲ್ಲಿ ಕಥೆ ಬೇರೆ. ಆ ದ್ರವ ನೀರನ್ನು ಹೀರಿಕೊಳ್ಳುತ್ತದೆ, ಕುದಿಯುವ ಬಿಂದು ನಿಧಾನವಾಗಿ ಇಳಿಯುತ್ತಾ ಬರುತ್ತದೆ. ಎರಡನ್ನೂ ಒಂದಕ್ಕೊಂದು ಬದಲಾಗಿ ಹಾಕಬೇಡಿ, ಸೀಲುಗಳು ಉಬ್ಬಿ ಹಾಳಾಗುತ್ತವೆ.

ಪ್ಯಾಡ್ ಬಿಚ್ಚಿ ದಪ್ಪ ಅಳೆಯಿರಿ, ರೋಟರ್ ದಪ್ಪವನ್ನೂ ಅಳೆಯಿರಿ, ಎಣ್ಣೆಯ ಬಣ್ಣ ನೋಡಿ ಹೇಳಿ.

ಕಡಾಣಿ

ಪ್ಯಾಡ್‌ನಲ್ಲಿ ಉಜ್ಜುವ ಪದರ 0.7 ಮಿ.ಮೀ. ಉಳಿದಿದೆ, ಮೇಲ್ಮೈ ಹೊಳೆಯುತ್ತಿದೆ. ರೋಟರ್ 1.7. ಲಿವರ್ ತುದಿಯ ಸ್ಕ್ರೂ ತೆಗೆದಾಗ ಕಂಡ ಎಣ್ಣೆ ಕಂದು ಬಣ್ಣ.

ಕೀಲೆಣ್ಣೆ

ರೋಟರ್‌ಗೆ ಇನ್ನೂ ಆಯಸ್ಸಿದೆ, 1.5 ಆದಾಗ ಬಿಸಾಡಿ. ಪ್ಯಾಡ್ ಮಿತಿ 0.5, ನೀವು ಅಂಚಿನಲ್ಲೇ ಇದ್ದೀರಿ. ತೆಳುವಾದ ಪ್ಯಾಡ್ ಬಿಸಿಯನ್ನು ತಡೆಯದೆ ನೇರ ಪಿಸ್ಟನ್‌ಗೆ ದಾಟಿಸುತ್ತದೆ, ಅದರ ಹಿಂದೆಯೇ ಎಣ್ಣೆ. ಹಳೆಯ ಎಣ್ಣೆ, ಸವೆದ ಪ್ಯಾಡ್, ಚಿಕ್ಕ ರೋಟರ್: ಮೂರೂ ಸೇರಿ ಆಗಿರುವ ಕೆಲಸ ಇದು.

ಮೊದಲು ಎಣ್ಣೆ ಬದಲಿಸಿ. ಚಕ್ರವನ್ನೂ ಪ್ಯಾಡನ್ನೂ ತೆಗೆದು ದೂರ ಇಡಿ. ಪಿಸ್ಟನ್‌ಗಳನ್ನು ಒಳಕ್ಕೆ ತಳ್ಳಿ, ನಡುವೆ ಬ್ಲೀಡ್ ಬ್ಲಾಕ್ (ಪಿಸ್ಟನ್ ಹೊರಬಾರದಂತೆ ತಡೆಯುವ ತುಂಡು) ಸಿಕ್ಕಿಸಿ. ಸ್ಕ್ರೂ ಮೇಲ್ಮುಖವಾಗುವಂತೆ ಲಿವರ್ ಓರೆ ಮಾಡಿ, ಅಲ್ಲಿಗೆ ಫನಲ್ ಕೂರಿಸಿ. ರೋಡ್ ಲಿವರ್‌ಗೆ ಬೇರೆಯೇ ಫನಲ್ ಅಡಾಪ್ಟರ್ ಬೇಕು, ಕಿಟ್ ಕೊಳ್ಳುವಾಗ ನೋಡಿಕೊಳ್ಳಿ. ಕೆಳಗೆ ಕ್ಯಾಲಿಪರ್‌ನ ನಿಪ್ಪಲ್‌ಗೆ (ಎಣ್ಣೆ ಹಾಯಿಸುವ ಬಾಯಿ) ಸಿರಿಂಜ್ ಹಚ್ಚಿ ಹೊಸ ಎಣ್ಣೆಯನ್ನು ಕೆಳಗಿಂದ ಮೇಲಕ್ಕೆ ತಳ್ಳಿ. ಫನಲ್‌ನಲ್ಲಿ ಕಂದು ಬಣ್ಣ ಹೋಗಿ ತಿಳಿಯಾಗಬೇಕು, ಗುಳ್ಳೆ ನಿಲ್ಲಬೇಕು. ನಡುನಡುವೆ ಪೈಪನ್ನೂ ಕ್ಯಾಲಿಪರನ್ನೂ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ, ಮೂಲೆಯಲ್ಲಿ ಅಂಟಿಕೊಂಡ ಗುಳ್ಳೆ ಆಗಲೇ ಬಿಡುವುದು. ನಿಪ್ಪಲ್ ಮುಚ್ಚಿದ ಮೇಲೆ ಲಿವರನ್ನು ನಿಧಾನವಾಗಿ ಒತ್ತಿ ಬಿಡುತ್ತಿರಿ, ಗುಳ್ಳೆ ಪೂರ್ತಿ ನಿಂತ ಮೇಲಷ್ಟೇ ಫನಲ್ ತೆಗೆಯಿರಿ. ಆಮೇಲೆ ಕ್ಯಾಲಿಪರನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಒಂದು ಹನಿ ಎಣ್ಣೆ ಪ್ಯಾಡ್‌ಗೆ ತಾಗಿದರೂ ಆ ಪ್ಯಾಡ್ ಕಸದಬುಟ್ಟಿಗೆ.

ನಿಮ್ಮ ಕ್ಯಾಲಿಪರ್‌ಗೆ ರೆಕ್ಕೆಯಿರುವ ಎಲ್03ಎ ರೆಸಿನ್ ಪ್ಯಾಡ್ ಕೂರುತ್ತದೆ. ಲೋಹದ್ದು ಬೇಕಾದರೆ ಎಲ್04ಸಿ. ಬಿಸಿ ತಡೆಯುತ್ತದೆ, ಸದ್ದು ಹೆಚ್ಚು. ರೋಟರ್ ಮೇಲೆ "ರೆಸಿನ್ ಪ್ಯಾಡ್ ಓನ್ಲಿ" ಎಂದು ಕೊರೆದಿದ್ದರೆ ಲೋಹದ ಪ್ಯಾಡ್ ಹಾಕಲೇಬಾರದು. ಮುಂದಿನ ಚಕ್ರಕ್ಕೆ 160 ರೋಟರ್ ಖಂಡಿತ ಹಾಕಿ. ಫ್ಲಾಟ್ ಮೌಂಟ್ (ಫೋರ್ಕ್‌ಗೆ ಚಪ್ಪಟೆಯಾಗಿ ಕೂರುವ) ಕ್ಯಾಲಿಪರ್ ಅಡಿಯ ತಗಡನ್ನು ಬಿಚ್ಚಿ ತಿರುಗಿಸಿ ಹಾಕಿದರೆ ಅದಕ್ಕೆ ಜಾಗವಾಗುತ್ತದೆ. ಫೋರ್ಕ್ 160 ಒಪ್ಪುತ್ತದೆಯೇ ಎಂದು ತಯಾರಕರ ಪುಸ್ತಿಕೆಯಲ್ಲಿ ನೋಡಿ. ಹಿಂದೆ 140 ಇದ್ದರೆ ಇರಲಿ.

ಘಾಟಿಹುಚ್ಚ

ಸಾಮಾನು ಬದಲಿಸಿದರೂ ಬ್ರೇಕ್ ಹಿಡಿಯುವ ರೀತಿ ಬದಲಾಗದಿದ್ದರೆ ತೊಂದರೆ ತಪ್ಪಿದ್ದಲ್ಲ. ಸ್ವಲ್ಪ ಲೆಕ್ಕ ನೋಡಿ. 85 ಕೆ.ಜಿ., ಶೇ. 8ರ ಇಳಿಜಾರು, ಒಂದೇ ವೇಗ ಹಿಡಿದು ಇಳಿದರೆ ಬ್ರೇಕ್ ನುಂಗಬೇಕಾದ ಶಕ್ತಿ ಗಂಟೆಗೆ 15 ಕಿ.ಮೀ.ನಲ್ಲಿ ಸುಮಾರು 240 ವ್ಯಾಟ್, 33ರಲ್ಲಿ ಸುಮಾರು 390, 50ರಲ್ಲಿ ಮತ್ತೆ ಸುಮಾರು 225. ವೇಗ ಏರಿದಂತೆ ಗಾಳಿಯೇ ಹೆಚ್ಚು ತಡೆಯುವುದರಿಂದ ಹೀಗೆ. ಅಂದರೆ "ಜೋರೂ ಬೇಡ, ನಿಧಾನವೂ ಬೇಡ" ಎಂದು 30-35ರಲ್ಲಿ ಬ್ರೇಕ್ ಸವರುತ್ತಲೇ ಇಳಿಯುವುದು ಇರುವುದರಲ್ಲೇ ಕೆಟ್ಟ ಕ್ರಮ. ಬಹಳ ಜನ ಇಳಿಯುವುದು ಹಾಗೆಯೇ. 15ರಲ್ಲಿ ತೆವಳಿದರೂ ಲಾಭ ಕಡಿಮೆ, ರೋಟರ್ ಆರಿಸಲು ಗಾಳಿಯೇ ಇರುವುದಿಲ್ಲ.

ನೇರ ಇದ್ದು ಮುಂದೆ ಕಾಣುವ ಕಡೆ ಬ್ರೇಕ್ ಪೂರ್ತಿ ಬಿಡಿ, ಎದೆ ಎತ್ತಿ ಕೂತು ಗಾಳಿಗೆ ಮೈಯೊಡ್ಡಿ. ತಿರುವು ಬರುವ ಮೊದಲು ಎರಡೂ ಬ್ರೇಕನ್ನು ಗಟ್ಟಿಯಾಗಿ, ಎರಡು ಮೂರು ಸೆಕೆಂಡು ಮಾತ್ರ ಹಿಡಿದು ವೇಗ ಇಳಿಸಿ. ತಿರುವಿನೊಳಗೆ ಬಿಡಿ. ಮುಂದಿನ ಬ್ರೇಕ್‌ಗೆ ಹೆದರಿ ಹಿಂದಿನದೊಂದನ್ನೇ ಎಳೆದರೆ ಆ 140 ರೋಟರ್ ಸುಟ್ಟು ನೀಲಿಯಾಗುತ್ತದೆ. ನಿಂತಾಗ ಬಿಸಿ ರೋಟರ್‌ಗೆ ನೀರು ಎರಚಬೇಡಿ, ಡೊಂಕಾಗುತ್ತದೆ. ಲಿವರ್ ಹಿಂಡಿಕೊಂಡೂ ನಿಲ್ಲಬೇಡಿ, ರೋಟರ್‌ನ ಬಿಸಿಯೆಲ್ಲ ಪ್ಯಾಡ್ ಮೂಲಕ ಎಣ್ಣೆಗೆ ಇಳಿಯುತ್ತದೆ.

ಟೈರ್ ಬಗ್ಗೆಯೂ ಒಂದು ಮಾತು. ಅಲ್ಲಿನ ದ್ರಾಕ್ಷಿತೋಟದ ಮೆಟ್ಟಿಲುಗಳ ಗೋಡೆಗಳು ಪದರಪದರವಾಗಿ ಒಡೆಯುವ ಶಿಸ್ಟ್ ಕಲ್ಲಿನವು. ಮಳೆಯಾದ ಮೇಲೆ ಅದರ ಚೂಪು ಚಕ್ಕೆಗಳು ತಿರುವಿನ ಒಳಮಗ್ಗುಲಿಗೆ ಉರುಳಿ ಬಿದ್ದಿರುತ್ತವೆ, ಟೈರಿನ ಪಕ್ಕವನ್ನೇ ಸೀಳುತ್ತವೆ. ಊರೊಳಗೆ ಗ್ರಾನೈಟ್ ಕಲ್ಲುಹಾಸು. ಫ್ರೇಮಿನಲ್ಲಿ ಜಾಗವಿದ್ದರೆ 28 ಮಿ.ಮೀ. ಹಾಕಿ, ನಿಮ್ಮ ತೂಕಕ್ಕೆ ಹಿಂದೆ 70-75, ಮುಂದೆ 65-70 ಪಿಎಸ್‌ಐ. ಸೀಳಿದ ಪಕ್ಕಕ್ಕೆ ಒಳಗಿಂದ ಇಡಲು ಹಳೆಯ ಟೈರಿನ ಬೆರಳುದ್ದದ ತುಂಡು ಚೀಲದಲ್ಲಿರಲಿ. ಸೆಪ್ಟೆಂಬರ್ ಕೊಯ್ಲಿನಲ್ಲಿ ಟ್ರ್ಯಾಕ್ಟರ್ ಓಡಾಟ ಹೆಚ್ಚು, ತೋಟದ ದಾರಿ ರಸ್ತೆಗೆ ಸೇರುವಲ್ಲಿ ಮಣ್ಣು ಇರುತ್ತದೆ. ಅಲ್ಲಿ ಸೈಕಲ್ ವಾಲಿಸಬೇಡಿ.

ಹಲ್ಲುಚಕ್ರ

ಗೇರ್ ವಿಷಯ ಯಾರೂ ಮುಟ್ಟಲಿಲ್ಲ. ಈಗಿನ ಅತಿ ಹಗುರ ಗೇರ್ 34/28ರಲ್ಲಿ (ಮುಂದೆ 34, ಹಿಂದೆ 28 ಹಲ್ಲು) ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ 9.2 ಕಿ.ಮೀ. ಶೇ. 10ರ ಏರಿನಲ್ಲಿ ಅದಕ್ಕೆ ಸುಮಾರು 225 ವ್ಯಾಟ್ ಬೇಕು. 34/34 ಆದರೆ ಅದೇ 60 ಸುತ್ತಿಗೆ 7.6 ಕಿ.ಮೀ., ಸುಮಾರು 185 ವ್ಯಾಟ್. ನೆರಳೇ ಇಲ್ಲದ ಆ ಕಣಿವೆಯಲ್ಲಿ ಬೇಸಿಗೆಯಲ್ಲಿ ಉಷ್ಣಾಂಶ 40 ದಾಟುವುದೂ ಉಂಟು, ಈ 40 ವ್ಯಾಟ್ ಚಿಕ್ಕದಲ್ಲ.

ಆದರೆ 11-34 ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ತಂದು ಸಿಕ್ಕಿಸಿದರೆ ಮುಗಿಯಲಿಲ್ಲ. ಡಿರೈಲರ್ (ಸರಪಳಿಯನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಹಿಂಭಾಗದ ಗುರುತು ಓದಿ. ಆರ್7000 ಎಸ್‌ಎಸ್ ಆದರೆ ಗಿಡ್ಡ ಕೇಜ್ (ರಾಟೆಗಳನ್ನು ಹಿಡಿದ ತೋಳು), ದೊಡ್ಡ ಹಲ್ಲುಚಕ್ರದ ಮಿತಿ 30. 34 ಬೇಕಾದರೆ ಅದಕ್ಕಿಂತ ಉದ್ದ ಕೇಜ್‌ನ ಜಿಎಸ್ ಇರಬೇಕು. ಸರಪಳಿಯೂ ಹೊಸದು ಬೇಕು. 28ಕ್ಕೆ ಕತ್ತರಿಸಿದ ಸರಪಳಿ ಗಿಡ್ಡವಾಗಿ, 50ರ ಜೊತೆ 34ಕ್ಕೆ ಅಕಸ್ಮಾತ್ ಹಾಕಿದಾಗ ಡಿರೈಲರನ್ನೇ ಕಿತ್ತುಕೊಂಡು ಬರುತ್ತದೆ. ಡಿರೈಲರ್ ಮೂಲಕ ಹಾಯಿಸದೆ ಎರಡೂ ಕಡೆಯ ದೊಡ್ಡ ಚಕ್ರಗಳಿಗೆ ಸುತ್ತಿ, ತುದಿ ಸೇರುವ ಜಾಗಕ್ಕಿಂತ ಒಂದು ಇಂಚು ಹೆಚ್ಚು ಬಿಟ್ಟು ಕತ್ತರಿಸಿ. ಕೊನೆಗೆ ಬಿ-ಸ್ಕ್ರೂ (ಡಿರೈಲರ್ ರಾಟೆಗೂ ಹಲ್ಲಿಗೂ ಅಂತರ ಹೊಂದಿಸುವುದು): 34ರಲ್ಲಿ ಮೇಲಿನ ರಾಟೆ ಹಲ್ಲಿಗೆ ತಾಗಬಾರದು, ಹಾಗೆಂದು ದೂರವೂ ಹೋಗಬಾರದು, ದೂರವಾದಷ್ಟೂ ಗೇರ್ ಬೀಳುವುದು ತಡ.

ಕಡಾಣಿ

ಎಣ್ಣೆ, ಎಲ್03ಎ ಪ್ಯಾಡ್, ಮುಂದೆ 160 ರೋಟರ್ ಎಲ್ಲ ಆಯಿತು. ಡಿರೈಲರ್ ಜಿಎಸ್, ಹಾಗಾಗಿ ಎಚ್‌ಜಿ800 ಮಾದರಿಯ 11-34 ಕ್ಯಾಸೆಟ್ ಹಾಕಿಸಿದೆ. ಈಗ ಲಾಕ್‌ರಿಂಗ್ (ಕ್ಯಾಸೆಟ್ ಬಿಗಿಯುವ ಉಂಗುರ) ಪೂರ್ತಿ ಬಿಗಿದಿದ್ದರೂ ಕ್ಯಾಸೆಟ್ ಕೈಯಲ್ಲಿ ಅಲ್ಲಾಡುತ್ತದೆ. ಹೊಸ ಪ್ಯಾಡ್ ಕಿರುಚುತ್ತದೆ, ಹಿಡಿತವೂ ಕಡಿಮೆ.

ಹಲ್ಲುಚಕ್ರ

ಸವಾರಿ ಮಾಡಬೇಡಿ. 11 ಸ್ಪೀಡ್ ರೋಡ್ ಹಬ್ (ಚಕ್ರದ ನಡುಭಾಗ) ಮೇಲೆ ಆ ಕ್ಯಾಸೆಟ್‌ಗೆ ಹಿಂದೆ 1.85 ಮಿ.ಮೀ. ಸ್ಪೇಸರ್ ಬೇಕು. ಅದು ಇಲ್ಲದಿದ್ದರೆ ಲಾಕ್‌ರಿಂಗ್ ಹಬ್‌ಗೆ ಹೋಗಿ ಕೂರುತ್ತದೆಯೇ ಹೊರತು ಕ್ಯಾಸೆಟ್ ಹಿಡಿಯುವುದಿಲ್ಲ. ಕ್ಯಾಸೆಟ್ ಡಬ್ಬಿಯಲ್ಲೇ ತೆಳು ಉಂಗುರ ಉಳಿದಿದೆಯೇ ನೋಡಿ. ಅದನ್ನು ಮೊದಲು ಹಬ್‌ಗೆ ಇಳಿಸಿ, ಮೇಲೆ ಕ್ಯಾಸೆಟ್, ಆಮೇಲೆ ಲಾಕ್‌ರಿಂಗ್ 40 ನ್ಯೂಟನ್ ಮೀಟರ್. ಡಿರೈಲರ್ ಮಿತಿ ಸ್ಕ್ರೂಗಳನ್ನು ಮತ್ತೆ ಹೊಂದಿಸಬೇಕಾಗುತ್ತದೆ, ಇಲ್ಲದಿದ್ದರೆ 34ರ ಆಚೆ ಸರಪಳಿ ಕಡ್ಡಿಗಳಿಗೆ ಬೀಳಬಹುದು.

ಕೀಲೆಣ್ಣೆ

ಕಿರುಚಾಟಕ್ಕೆ: ಪ್ಯಾಡ್ ಪಳಗಿಲ್ಲ ಅಷ್ಟೇ. ಸಮತಟ್ಟು ರಸ್ತೆಯಲ್ಲಿ 25 ಕಿ.ಮೀ. ವೇಗಕ್ಕೆ ಬಂದು, ಒಂದೇ ಬ್ರೇಕನ್ನು ಸಮನಾಗಿ ಹಿಡಿದು ನಡಿಗೆಯ ವೇಗಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ, ನಿಂತ ಜಾಗದಲ್ಲಿ ಪ್ಯಾಡ್ ಮಸಿ ರೋಟರ್ ಮೇಲೆ ಒಂದೇ ಕಡೆ ಅಂಟಿ ಆಮೇಲೆ ಬ್ರೇಕ್ ನಡುಗುತ್ತದೆ. ಹೀಗೆ ಒಂದೊಂದು ಬ್ರೇಕ್‌ಗೂ 15-20 ಸಲ. ಸದ್ದು ಹೋಗಿ ಹಿಡಿತ ಬಿಗಿಯಾಗುವುದು ಕೈಗೇ ತಿಳಿಯುತ್ತದೆ. ರೇಗ್ವಾ-ಪಿನ್ಯಾಂವ್ ದಂಡೆ ರಸ್ತೆಯಲ್ಲೇ ಬೆಳಿಗ್ಗೆ ಕಾರುಗಳು ಬರುವ ಮೊದಲು ಇದನ್ನು ಮುಗಿಸಿ, ಆಮೇಲೆ ಎರ್ವೆದೋಸಾ ಹತ್ತಿ.