ಗಾಳಿಕಣದ ಪಿಎಚ್ ಒಂದು ದಿನ 8, ಮರುದಿನ ಮೈನಸ್ 1: ಎಲ್ಲಿ ತಪ್ಪುತ್ತಿದೆ?

ಎರೆಹೊಲ (ಕಲಬುರಗಿ):
ಎಲ್ಲರಿಗೂ ನಮಸ್ಕಾರ. ಇಲ್ಲಿ ವರ್ಷಪೂರ್ತಿ ಪಿಎಂ 2.5 (2.5 ಮೈಕ್ರಾನ್‌ಗಿಂತ ಸಣ್ಣ ಗಾಳಿಕಣ) ಫಿಲ್ಟರ್ ಹಾಕಿ ಸಲ್ಫೇಟ್, ನೈಟ್ರೇಟ್, ಅಮೋನಿಯಂ, ಕ್ಯಾಲ್ಸಿಯಂ ಎಲ್ಲ ಅಳೆದಿದ್ದೇನೆ. ಅದನ್ನೇ ಐಸೊರೋಪಿಯಗೆ (ಕಣದ ನೀರು, ಪಿಎಚ್ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್) ಕೊಟ್ಟರೆ ಜನವರಿಯ ಒಂದು ದಿನ ಪಿಎಚ್ 8, ಮರುದಿನ ಮೈನಸ್ 1! ಎರಡೂ ದಿನದ ಅಯಾನುಗಳು ಹೆಚ್ಚುಕಮ್ಮಿ ಒಂದೇ. ಸೇಡಂ, ವಾಡಿ ಕಡೆಯ ಸಿಮೆಂಟ್ ಧೂಳೇ ಕಾರಣ ಅಂತಾರೆ ಲ್ಯಾಬಿನವರು. ನನಗೇಕೋ ನಂಬಿಕೆ ಬರುತ್ತಿಲ್ಲ.

ಬೀದರಿನ_ಅಕ್ಕ:
ಧೂಳನ್ನು ಆಮೇಲೆ ಬೈಯೋಣ ತಮ್ಮಾ. ಮೊದಲು ಹೇಳು, ಮಾಡೆಲ್ ರಿವರ್ಸ್ ಮೋಡ್‌ನಲ್ಲಿ, ಅಂದರೆ ಕಣದ ಅಯಾನು ಮಾತ್ರ ಕೊಟ್ಟು, ಓಡಿಸಿದೆಯಾ? ಅಮೋನಿಯಾ ಅನಿಲ ಅಳೆದಿದ್ದೀಯಾ?

ಎರೆಹೊಲ:
ಹೌದಕ್ಕಾ, ರಿವರ್ಸ್. ಅನಿಲ ಹಿಡಿಯುವ ಡಿನ್ಯೂಡರ್ ಇತ್ತು, ಅದರ ಅಮೋನಿಯಾ, ನೈಟ್ರಿಕ್ ಆಮ್ಲದ ಲೆಕ್ಕ ಬೇರೆ ಫೈಲಿನಲ್ಲಿದೆ. ಬಳಸಿಲ್ಲ.

ಬೀದರಿನ_ಅಕ್ಕ:
ಚಿನ್ನದಂಥ ಡೇಟಾ ಸುಮ್ನೆ ಬಿಟ್ಟಿದ್ದೀಯಲ್ಲ! ರಿವರ್ಸ್ ಮೋಡ್ ಧನ ಅಯಾನು, ಋಣ ಅಯಾನುಗಳ ವ್ಯತ್ಯಾಸದಿಂದ ಆಮ್ಲತೆ ತೆಗೆಯುತ್ತದೆ. ಲೆಕ್ಕ ನೋಡು. ಸಲ್ಫೇಟ್ ಘನ ಮೀಟರಿಗೆ 10 ಮೈಕ್ರೋಗ್ರಾಂ ಅಂದರೆ ಸುಮಾರು 0.2 ಮೈಕ್ರೋ ಈಕ್ವಿವೆಲೆಂಟ್ (ಅಯಾನಿನ ವಿದ್ಯುದಂಶದ ಲೆಕ್ಕ). ಅಳತೆಯಲ್ಲಿ 5% ಆಚೀಚೆ ಆದರೂ 0.01. ಕಣದಲ್ಲಿ 20 ಮೈಕ್ರೋಗ್ರಾಂ ನೀರಿದ್ದು ಪಿಎಚ್ 3 ಇದ್ದರೆ ಹೈಡ್ರೋಜನ್ ಅಯಾನು ಬರೀ 0.00002. ತಪ್ಪೇ ಅದರ 500 ಪಟ್ಟು! ತೊಗರಿ ಚೀಲದ ಕಾಟಾದಲ್ಲಿ ಸಾಸಿವೆ ತೂಗಿದ ಹಾಗೆ. ತಪ್ಪು ಯಾವ ಕಡೆ ವಾಲಿದರೆ ಪಿಎಚ್ ಆ ಕಡೆ ಹಾರುತ್ತದೆ.

ಫಾರ್ವರ್ಡ್ ಮೋಡ್‌ಗೆ ಹಾಕು. ಅಮೋನಿಯಂ ಜಾಗದಲ್ಲಿ ಅನಿಲ, ಕಣ ಎರಡೂ ಕೂಡಿಸಿದ ಮೊತ್ತ ಕೊಡು. ನೈಟ್ರೇಟ್‌ಗೂ ಹಾಗೇ. ತಾಪಮಾನ ಕೆಲ್ವಿನ್‌ನಲ್ಲಿ, ತೇವಾಂಶ 0.65 ಅಂತ ಭಿನ್ನರಾಶಿಯಲ್ಲಿ. ಇಲ್ಲೇ ಅರ್ಧ ಜನ ಎಡವುತ್ತಾರೆ.

ಶಹಾಬಾದ್_ಕಲ್ಲು:
ಒಂದು ಮಾತು ಸೇರಿಸ್ತೀನಿ. ಫಿಲ್ಟರನ್ನು ನೀರಲ್ಲಿ ಅದ್ದಿ ಪಿಎಚ್ ಮೀಟರ್ ಇಟ್ಟು ಸರಿ ನೋಡೋಣ ಅನ್ನಬೇಡಿ. ಅದು ನೀವು ಸುರಿದ ನೀರಿನ ಪಿಎಚ್. ಗಾಳಿಯಲ್ಲಿದ್ದಾಗ ಕಣಕ್ಕೆ ಅಂಟಿದ್ದ ನೀರು ಅದರ ಎಷ್ಟೋ ಸಾವಿರದ ಒಂದು ಪಾಲು.

ಎರೆಹೊಲ:
ಅಕ್ಕಾ, ಕುಣಿತ ನಿಂತಿತು! ಪಿಎಚ್ ಜನವರಿ 3.5ರ ಆಸುಪಾಸು, ಮೇ ತಿಂಗಳು 2ರ ಹತ್ತಿರ, ಅಂದರೆ ಮೇನಲ್ಲೇ ಹುಳಿ ಜಾಸ್ತಿ. ಆದರೆ ಧೂಳು ಜಾಸ್ತಿ ಇರುವುದು ಬೇಸಿಗೆಯಲ್ಲೇ ಅಲ್ವಾ? ಅದರ ಸುಣ್ಣಕ್ಕೆ ಆಗ ಆಮ್ಲತೆ ಕಡಿಮೆ ಆಗಬೇಕಿತ್ತು.

ಬೀದರಿನ_ಅಕ್ಕ:
ಧೂಳಿನ ಸುಣ್ಣದ ಅಂಶ ಹೆಚ್ಚಾಗಿ ದಪ್ಪ ಕಣದಲ್ಲಿರುತ್ತದೆ, ಪಿಎಂ 2.5ರಲ್ಲಿ ಸಿಗುವುದು ಅದರ ಬಾಲ ಮಾತ್ರ. ಸಿಕ್ಕಿದ್ದರಲ್ಲೂ ಒಂದು ಪಾಲು ಸಲ್ಫೇಟ್ ಜೊತೆ ಜಿಪ್ಸಂ ಆಗಿ ಗಟ್ಟಿ ಕೂರುತ್ತದೆ. ಋತು ಬದಲಾದಾಗ ಹೆಚ್ಚು ಆಟ ಆಡುವುದು ತಾಪಮಾನ. ಸೆಕೆ ಏರಿದರೆ ಅಮೋನಿಯಾ ಕಣ ಬಿಟ್ಟು ಅನಿಲವಾಗುತ್ತದೆ, ಉಳಿದದ್ದು ಹುಳಿ. ಸುಮಾರು 10 ಡಿಗ್ರಿ ಏರಿದರೆ ಅರ್ಧ ಪಿಎಚ್ ಇಳಿಯುತ್ತದೆ. ಇಷ್ಟೇ ಏರಿಳಿತ ಅಮೋನಿಯಾದಿಂದ ಬರಬೇಕಾದರೆ ಅದು ಮೂರು ಪಟ್ಟು ಬದಲಾಗಬೇಕು. ನೀರಿನ ಅಂಶವೂ ಲೆಕ್ಕಕ್ಕಿದೆ.

ನನ್ನ ಮಾತು ನಂಬಬೇಡ, ಪರೀಕ್ಷಿಸು. ಜನವರಿಯ ಡೇಟಾಗೆ ಮೇ ತಿಂಗಳ ತಾಪಮಾನ ಮಾತ್ರ ಹಾಕಿ ಓಡಿಸು. ಆಮೇಲೆ ತೇವಾಂಶ ಮಾತ್ರ, ಆಮೇಲೆ ಅಮೋನಿಯಾ. ಕೊನೆಗೆ ಕ್ಯಾಲ್ಸಿಯಂ ಸೊನ್ನೆ ಮಾಡಿ ನೋಡು, ಲ್ಯಾಬಿನವರ ಬಾಯಿ ಮುಚ್ಚಿಸಬಹುದು.

ಆದರೆ ಮೇ ತಿಂಗಳ ಆ 2 ಮೇಲೆ ನನಗೆ ಅನುಮಾನ. ನಮ್ಮ ಕಡೆ ಬೇಸಿಗೆ ಮಧ್ಯಾಹ್ನ ಕಣದಲ್ಲಿ ನೀರೇ ಇರುವುದಿಲ್ಲ ಅನ್ನುವಷ್ಟು ಒಣ ಹವೆ. ತೇವಾಂಶ 35%ಗಿಂತ ಕೆಳಗಿದ್ದರೆ ಆ ಪಿಎಚ್‌ಗೆ ಅರ್ಥವಿಲ್ಲ, ಬಿಟ್ಟುಬಿಡು. 24 ಗಂಟೆಯ ಫಿಲ್ಟರ್‌ನಲ್ಲಿ ಹಗಲು ರಾತ್ರಿ ಕಲಸಿಹೋಗುತ್ತದೆ. ಮುಂದಿನ ಬೇಸಿಗೆಗೆ ರಾತ್ರಿಯದ್ದು ಬೇರೆ ಹಾಕು.

ಎರೆಹೊಲ:
ಈಗಿನ ಮೇ ಡೇಟಾದಲ್ಲಿ ಎಷ್ಟು ದಿನ ಉಳಿಯುತ್ತವೋ ನೋಡಿ ಹೇಳ್ತೀನಿ ಅಕ್ಕಾ. ಗೈಡ್‌ಗೆ ಇನ್ನೂ ಹೇಳಿಲ್ಲ.