ಹಳೇ ಫೋರ್ ವೀಲ್ ಡ್ರೈವ್‌ಗೆ ಬೋಟ್ ಟ್ರೇಲರ್ ಕಟ್ಟಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನನ್ನದು 25 ವರ್ಷ ಹಳೆಯ ಡೀಸೆಲ್ ಫೋರ್ ವೀಲ್ ಡ್ರೈವ್. ಮ್ಯಾನ್ಯುಯಲ್ ಗೇರ್, ಹಿಂದೆ ಲೀಫ್ ಸ್ಪ್ರಿಂಗ್. 700 ಕೆಜಿಯ ಫೈಬರ್ ಬೋಟ್ ಎಳೆಯಬೇಕು. ಬಂಪರ್‌ಗೆ ಹಿಚ್ ಬಾಲ್ (ಟ್ರೇಲರ್ ಸಿಕ್ಕಿಸುವ ಗುಂಡು) ಹಾಕಿಸಿದರೆ ಸಾಕಾ? ಟರ್ಬೊ ಕೂರಿಸಿ ಪವರ್ ಜಾಸ್ತಿ ಮಾಡಿಸಬೇಕಾ?

ಉತ್ತರ: ಟರ್ಬೊ ಬಿಡಿ, ಆ ದುಡ್ಡನ್ನು ಬ್ರೇಕಿಗೆ ಹಾಕಿ. ಹಳೇ ಡೀಸೆಲ್ ಇಂಜಿನ್ ನಿಧಾನಕ್ಕಾದರೂ ಎಳೆದುಬಿಡುತ್ತದೆ. ಇಳಿಜಾರಲ್ಲಿ ಅಷ್ಟು ಭಾರ ಹಿಂದಿನಿಂದ ದೂಡುವಾಗ ನಿಲ್ಲಿಸೋದೇ ಕಷ್ಟ.

ಮೊದಲು ತೂಕ. ನೀವು ಹೇಳಿದ 700 ಬರೀ ಬೋಟಿನದ್ದು ಅಲ್ವಾ? ಅದರ ಇಂಜಿನ್ 150, ಟ್ರೇಲರ್ 300, ನೂರು ಲೀಟರ್ ಪೆಟ್ರೋಲ್ ಸುಮಾರು 75, ಬ್ಯಾಟರಿ, ಲಂಗರು, ಹಗ್ಗ ಅಂತ ಇನ್ನೊಂದು 75 ಹಿಡಿಯಿರಿ. 1300 ಆಯಿತು. ಗಾಡಿಯ ಪುಸ್ತಕದಲ್ಲಿ ಬ್ರೇಕ್ ಇರುವ ಟ್ರೇಲರ್‌ಗೆ ಒಂದು ಮಿತಿ, ಇಲ್ಲದ್ದಕ್ಕೆ ಇನ್ನೊಂದು ಮಿತಿ ಕೊಟ್ಟಿರುತ್ತಾರೆ, ನೋಡಿ. 750 ಕೆಜಿ ದಾಟಿದರೆ ಟ್ರೇಲರ್‌ಗೇ ಬ್ರೇಕ್ ಇರಬೇಕು ಅಂತ ಹಲವು ದೇಶಗಳಲ್ಲಿ ಕಾನೂನೇ ಇದೆ. ಕಾನೂನು ಇಲ್ಲದಿದ್ದರೂ ನಿಮ್ಮದಕ್ಕೆ ಬೇಕು. ಗಾಡಿಯ ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ. ಅದು ಗಾಳಿಯ ತೇವ ಹೀರುತ್ತದೆ, ಹಳೆಯದು ಬಿಸಿಯಾದಾಗ ಕುದಿದು ಪೆಡಲ್ ನೆಲಕ್ಕೆ ಹೋಗುತ್ತದೆ.

ಬಂಪರ್‌ಗೆ ಬೇಡವೇ ಬೇಡ. ಹಿಚ್ ಚಾಸಿಗೇ ಬೋಲ್ಟ್ ಆಗಬೇಕು. ಅದಕ್ಕೂ ಮುಂಚೆ ಗಾಡಿ ಕೆಳಗೆ ಮಲಗಿ ಹಿಂದಿನ ಚಾಸಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಬನ್ನಿ. ಟಣ್ ಅಂದರೆ ಸರಿ. ಮಂದ ಸದ್ದು ಬಂದು ಚಕ್ಕೆ ಉದುರಿದರೆ ಒಳಗೆ ತುಕ್ಕು ತಿಂದಿದೆ, ವೆಲ್ಡಿಂಗ್ ಆಗದೆ ಹಿಚ್ ಮಾತೇ ಇಲ್ಲ. ಇನ್ನೊಂದು, 50 ಮಿ.ಮೀ. ಬಾಲ್ ಮತ್ತು 2 ಇಂಚಿನ ಬಾಲ್ ಕಣ್ಣಿಗೆ ಒಂದೇ ಥರ ಕಾಣುತ್ತವೆ, ಒಂದೇ ಅಲ್ಲ. ಬಾಲ್ ಮೇಲೆ ಕೂರುವ ಟ್ರೇಲರ್‌ನ ಕಪ್ಲರ್ ಮೇಲೆ ಕೆತ್ತಿರುವ ಅಳತೆಯದ್ದೇ ಹಾಕಿ.

ಟ್ರೇಲರ್ ಮೂಕಿಯ ಭಾರ, ಅಂದರೆ ಅದರ ಮುಂತುದಿ ಹಿಚ್ ಮೇಲೆ ಹಾಕುವ ಭಾರ, ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರ ಹತ್ತಿರ ಇರಲಿ, ಅಂದರೆ 130 ಕೆಜಿ. ಎತ್ತಿನ ಗಾಡಿ ಹೇರಿದವರಿಗೆ ಇದು ಗೊತ್ತು. ಮುಂದೆ ಭಾರ ಕಮ್ಮಿಯಾದರೆ ಟ್ರೇಲರ್ ಅತ್ತಿತ್ತ ತೂಗಾಡುತ್ತದೆ, ಜಾಸ್ತಿಯಾದರೆ ಗಾಡಿಯ ಹಿಂಭಾಗ ಕೂತು ಸ್ಟೀರಿಂಗ್ ಹಗುರಾಗುತ್ತದೆ. ಬೋಟನ್ನು ಟ್ರೇಲರ್ ಮೇಲೆ ಸ್ವಲ್ಪ ಸರಿಸಿದರೂ ಭಾರ ಬದಲಾಗುತ್ತದೆ. ಲೀಫ್ ಚಪ್ಪಟೆಯಾಗಿದ್ದರೆ ಬದಲಿಸಿ.

ರೇಡಿಯೇಟರ್ ಬಿಚ್ಚಿಸಿ ತೊಳೆಸಿ. ಹೋಸ್‌ಗಳನ್ನು ಸುಮ್ನೆ ಹೊಸದು ಹಾಕಿಬಿಡಿ.

ಪ್ರಶ್ನೆ: ಥ್ಯಾಂಕ್ಸ್ ಸರ್. ಹಿಡಿತ ಇರಲಿ ಅಂತ ದಾರಿಯುದ್ದಕ್ಕೂ ಫೋರ್ ವೀಲ್‌ನಲ್ಲೇ ಹೋಗಬಹುದಾ? ನೀರಿಗೆ ಇಳಿಸುವಾಗ?

ಉತ್ತರ: ಒಣ ಟಾರ್ ರಸ್ತೆಯಲ್ಲಿ ಬೇಡ. ನಿಮ್ಮಂಥ ಹಳೇ ಗಾಡಿಗಳಲ್ಲಿ ಬಹುತೇಕ ಮಧ್ಯದ ಡಿಫರೆನ್ಷಿಯಲ್, ಅಂದರೆ ಮುಂದಿನ ಹಿಂದಿನ ಆಕ್ಸಲ್ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್, ಇರಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಹೋಗಬೇಕು, ಆದರೆ ಎರಡು ಆಕ್ಸಲ್ ಒಂದಕ್ಕೊಂದು ಬಿಗಿದಿರುತ್ತವೆ. ಗೇರ್‌ಗಳೆಲ್ಲ ಬಿಗಿದುಕೊಂಡು ಏನಾದರೊಂದು ಮುರಿಯಬಹುದು.

ಫೋರ್ ಲೋ (ಫೋರ್ ವೀಲ್‌ನ ನಿಧಾನದ, ಜಾಸ್ತಿ ಎಳೆಯುವ ಗೇರ್) ಬೇಕಾಗೋದು ನೀರಿನ ಹತ್ತಿರ, ಒದ್ದೆ ಪಾಚಿಯ ಇಳಿಜಾರಿನಲ್ಲಿ. ಕ್ಲಚ್ ಸುಡದೆ ನಿಧಾನವಾಗಿ ಮೇಲೆ ಬರುತ್ತದೆ. ಆದರೆ ತಲುಪಿದ ತಕ್ಷಣ ಇಳಿಸಬೇಡಿ. ಟ್ರೇಲರ್ ಹಬ್ (ಚಕ್ರದ ನಡುವೆ ಬೇರಿಂಗ್ ಇರುವ ಭಾಗ) ಮುಟ್ಟಿ ನೋಡಿ, ಬಿಸಿ ಇದ್ದರೆ ಆರಲು ಬಿಡಿ. ಬಿಸಿ ಬೇರಿಂಗ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ಸೀಲ್ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಗಾಡಿಯ ಹಿಂದಿನ ಆಕ್ಸಲ್ ಮುಳುಗಿದರೂ ಅದೇ ಕತೆ, ಅದಕ್ಕೇ ಆಕ್ಸಲ್‌ನ ಬ್ರೀದರ್‌ಗೆ (ಗಾಳಿ ಆಡುವ ತೂತಿಗೆ) ಉದ್ದ ಪೈಪ್ ಹಾಕಿಸಿ ಮೇಲೆ ತನ್ನಿ. ಆಮೇಲೆ ಒಂದು ಸಲ ಆ ಆಕ್ಸಲ್‌ನ ಡಿಫರೆನ್ಷಿಯಲ್ ಆಯಿಲ್ ನೋಡಿ. ಬೆಳ್ಳಗಾಗಿದ್ದರೆ ನೀರು ಸೇರಿದೆ, ಕೂಡಲೇ ಬದಲಿಸಿ. ಟ್ರೇಲರ್ ಲೈಟಿನ ಪ್ಲಗ್ ತೆಗೆದೇ ನೀರಿಗೆ ಇಳಿಸಿ.

ಹ್ಯಾಂಡ್ ಬ್ರೇಕ್ ಒಂದನ್ನೇ ನಂಬಿ ಇಳಿಯಬೇಡಿ, ಚಕ್ರಕ್ಕೆ ಕಲ್ಲೋ ಮರದ ತುಂಡೋ ಅಡ್ಡ ಕೊಡಿ. ಮೊದಲ ಸಲ ಬೋಟ್ ಇಲ್ಲದೆ ಖಾಲಿ ಟ್ರೇಲರ್ ರಿವರ್ಸ್ ತೆಗೆದು ನೋಡಿ.